ಬಲವಂತದ ಮುಕ್ತಾಯ: ಕಮ್ಯಾಂಡ್ ಲೈನ್‌ನಿಂದ ಪ್ರೋಗ್ರಾಂ ನಿಲ್ಲಿಸುವ ಬಗೆ

ಸ್ಪಂದಿಸದೆ ಸಿಕ್ಕಿಹಾಕಿಕೊಂಡ, ಅಥವಾ ಮುಚ್ಚಲು ಹೋದರೂ ಮುಚ್ಚದ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಆದೇಶ ಟೈಪಿಸಿ ಕೊನೆಗಾಣಿಸುವ ವಿಧಾನ. ಯೂನಿಕ್ಸ್ ಕುಲದ ಲಿನಕ್ಸ್, ಮ್ಯಾಕ್‌ಓಎಸ್, ಬಿಎಸ್‌ಡಿಗಳಲ್ಲಿ ಇದಕ್ಕೆ ಕಿಲ್, ಪಿಕಿಲ್, ಕಿಲ್‌ಆಲ್ ಎಂಬ ಆದೇಶಗಳಿವೆ. ವಿಂಡೋಸ್‌ನಲ್ಲಿ ಟಾಸ್ಕ್‌ಕಿಲ್ ಮತ್ತು ಪವರ್‌ಶೆಲ್‌ನ ಸ್ಟಾಪ್-ಪ್ರೊಸೆಸ್ ಇವೆ. ಮೌಸ್ ಒತ್ತಿ ಮುಚ್ಚುವ ಸೌಲಭ್ಯ ಎಲ್ಲ ಕಡೆ ಬಂದ ಮೇಲೂ ಈ ಆದೇಶಗಳಿಗೆ ಕೆಲಸ ತಪ್ಪಿಲ್ಲ. ಸರ್ವರ್‌ಗಳಿಗೆ ಸಾಮಾನ್ಯವಾಗಿ ಪರದೆಯೇ ಇರುವುದಿಲ್ಲ. ಪರದೆಯಿರುವ ಯಂತ್ರದಲ್ಲೂ ಇಡೀ ಡೆಸ್ಕ್‌ಟಾಪ್ ಹ್ಯಾಂಗ್ ಆದರೆ ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ ಲಿನಕ್ಸ್‌ನ ಪಠ್ಯ ಕನ್ಸೋಲ್‌ಗೆ ಇಳಿಯಬಹುದು, ಇಲ್ಲವೇ ಪಕ್ಕದ ಯಂತ್ರದಿಂದ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ತೊಂದರೆ ಕೊಡುತ್ತಿರುವ ಒಂದನ್ನಷ್ಟೇ ನಿಲ್ಲಿಸಬಹುದು.

ಹೊಸಬರು ಮೊದಲು ಕಲಿಯುವುದು ‘ಕಿಲ್ -9’. ಎಷ್ಟೋ ಮಂದಿ ಅಲ್ಲಿಗೇ ನಿಂತುಬಿಡುತ್ತಾರೆ. ಕಿಲ್ ಆದೇಶ ಪ್ರೋಗ್ರಾಂಗೆ ಕಳುಹಿಸುವ ಸೂಚನೆಗಳಿಗೆ ಸಂಖ್ಯೆಗಳಿವೆ; 15ಕ್ಕಿಂತ 9 ಜೋರಾದ ಏಟು ಎಂಬ ಭಾವನೆ ವ್ಯಾಪಕವಾಗಿದೆ, ಆದರೆ ಇವುಗಳ ವ್ಯತ್ಯಾಸ ಜೋರಿನದಲ್ಲ. 15 ಬಂದಾಗ ಏನು ಮಾಡಬೇಕೆಂದು ಪ್ರೋಗ್ರಾಂ ನಿರ್ಧರಿಸುತ್ತದೆ. 9 ಬಂದಾಗ ಅದನ್ನು ಕೇಳುವವರೇ ಇಲ್ಲ, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ನೇರವಾಗಿ ಮುಗಿಸಿಬಿಡುತ್ತದೆ. ನಿಲ್ಲದ ಪ್ರೋಗ್ರಾಂಗಳಲ್ಲಿ ನಿಜವಾಗಿ ಪಟ್ಟು ಹಿಡಿದವು ಕಡಿಮೆ. ಕೆಲವು ಆದೇಶ ಕೇಳುವ ಸ್ಥಿತಿಯಲ್ಲಿರುವುದಿಲ್ಲ, ಕೆಲವು ಆಗಲೇ ಸತ್ತಿರುತ್ತವೆ, ಇನ್ನು ಕೆಲವನ್ನು ಕೊಂದ ಮರುಕ್ಷಣವೇ ಯಾರೋ ಮತ್ತೆ ಹುಟ್ಟಿಸುತ್ತಿರುತ್ತಾರೆ. ಯಾವುದು ಎಂದು ತಿಳಿಯದೆ 9 ಹೊಡೆಯುತ್ತ ಕೂತರೆ ಪ್ರಯೋಜನವಿಲ್ಲ.

ಹುಟ್ಟು

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚೀ ಮತ್ತು ಸಂಗಡಿಗರು 1969ರಲ್ಲಿ ಯೂನಿಕ್ಸ್ ಕಟ್ಟಲು ತೊಡಗಿದರು. 1973ರ ಮೂರನೆಯ ಆವೃತ್ತಿಯ ಕೈಪಿಡಿಯಲ್ಲಿ ಕಿಲ್ ಆದೇಶ ಕಾಣಿಸಿಕೊಂಡಿತು. 1979ರ ಏಳನೆಯ ಆವೃತ್ತಿಯ ಹೊತ್ತಿಗೆ, ಸಂಖ್ಯೆ ಕೊಡದಿದ್ದರೆ 15 ಹೋಗಬೇಕೆಂಬ ಪದ್ಧತಿ ನೆಲೆಗೊಂಡಿತ್ತು. ಅಂದರೆ ಕೊಲ್ಲುವ ಹೆಸರು ಹೊತ್ತ ಆದೇಶ, ಬೇರೆ ಹೇಳದಿದ್ದರೆ, ಸಭ್ಯವಾಗಿ ‘ಮುಗಿಸು’ ಎಂದು ಕೇಳುವುದಷ್ಟನ್ನೇ ಮಾಡುತ್ತದೆ. ಅದು ಕಳುಹಿಸುವ ಸಣ್ಣ ಸೂಚನೆಗೆ ಸಿಗ್ನಲ್ ಎನ್ನುತ್ತಾರೆ.

ಆ ಕಾಲದ ಯಂತ್ರಗಳ ಗುರುತು ಸಿಗ್ನಲ್‌ಗಳಲ್ಲಿ ಇನ್ನೂ ಉಳಿದಿದೆ. 1ನೆಯದು ಹ್ಯಾಂಗಪ್: ಟೆಲಿಫೋನ್ ಲೈನಿನ ಮೂಲಕ ಕೂಡಿಕೊಂಡಿದ್ದ ಟರ್ಮಿನಲ್‌ನ ಸಂಪರ್ಕ ಕಡಿದಾಗ ಹೋಗುತ್ತಿದ್ದ ಸುದ್ದಿ. ಇಂದು ಎಸ್‌ಎಸ್‌ಎಚ್ ಸಂಪರ್ಕ ಕಡಿದಾಗ ಓಡುತ್ತಿದ್ದ ಕೆಲಸ ಅರ್ಧದಲ್ಲೇ ನಿಲ್ಲುವುದಕ್ಕೂ ಇದೇ ಕಾರಣ; ನೋಹಪ್ ಆದೇಶ ಹುಟ್ಟಿದ್ದು ಅದನ್ನು ತಪ್ಪಿಸಲು. ಟರ್ಮಿನಲ್ ಇಲ್ಲದೆ ಹಿನ್ನೆಲೆಯಲ್ಲಿ ಓಡುವ ಸೇವೆಗಳಿಗೆ ಈ ಸಿಗ್ನಲ್‌ನ ಅಗತ್ಯ ಇರಲಿಲ್ಲವಾದ್ದರಿಂದ, ಸಂರಚನೆಯ ಕಡತವನ್ನು ಮತ್ತೆ ಓದಿಕೊಳ್ಳಲು ಹೇಳುವ ಸೂಚನೆಯಾಗಿ ಅದು ಬದಲಾಯಿತು. ಕಂಟ್ರೋಲ್-ಸಿ ಒತ್ತಿದಾಗ ಹೋಗುವುದು 2ನೆಯ ಸಿಗ್ನಲ್. ಕಂಟ್ರೋಲ್ ಜೊತೆ ಹಿಂಬಾಗಿದ ಗೆರೆಯ ಕೀಲಿ ಒತ್ತಿದರೆ 3ನೆಯದು; ಅದು ಪ್ರೋಗ್ರಾಂ ನಿಲ್ಲಿಸುವುದರ ಜೊತೆಗೆ ಅದರ ಸ್ಮೃತಿಯನ್ನು ಕಡತಕ್ಕೆ ಸುರಿಯಲೂಬಲ್ಲದು. ಈ ಕಡತಕ್ಕೆ ಕೋರ್ ಡಂಪ್ ಎಂಬ ಹೆಸರು ಬಂದದ್ದು ಅಂದಿನ ಕಾಂತೀಯ ಕೋರ್ ಸ್ಮೃತಿಯಿಂದ. ಕಂಟ್ರೋಲ್-ಝಡ್ ಒತ್ತಿ ಕೆಲಸವನ್ನು ತಾತ್ಕಾಲಿಕವಾಗಿ ತಡೆದಿಡುವ ಸೌಕರ್ಯ ತಡವಾಗಿ, ಬರ್ಕ್ಲಿಯ ಯೂನಿಕ್ಸ್‌ನಿಂದ ಬಂತು.

ಸಿಗ್ನಲ್ ಸಂಖ್ಯೆಗಳು ಎಲ್ಲ ಕಡೆ ಒಂದೇ ಎಂದು ನಂಬುವಂತಿಲ್ಲ. ಪಾಸಿಕ್ಸ್ ಮಾನಕದಲ್ಲಿ ಕಿಲ್ ಆದೇಶಕ್ಕೆ ಖಚಿತವಾಗಿರುವ ಸಂಖ್ಯೆಗಳು 1, 2, 3, 6, 9, 14, 15 ಮಾತ್ರ; ಜೊತೆಗೆ 0. ಸಾಮಾನ್ಯ ಪಿಸಿಯ ಲಿನಕ್ಸ್‌ನಲ್ಲಿ 19 ಎಂದರೆ ತಡೆದು ನಿಲ್ಲಿಸು. ಮ್ಯಾಕ್‌ನಲ್ಲಿ ಅದೇ 19 ಎಂದರೆ ಮುಂದುವರಿಸು. ಸ್ಕ್ರಿಪ್ಟ್ ಬರೆಯುವವರು ಸಂಖ್ಯೆಗೆ ಬದಲು ಟರ್ಮ್, ಕಿಲ್, ಸ್ಟಾಪ್ ಎಂಬ ಹೆಸರುಗಳನ್ನೇ ಬಳಸುವುದು ಕ್ಷೇಮ. 0 ಯಾರಿಗೂ ಏನೂ ಮಾಡುವುದಿಲ್ಲ. ಗುರಿಯಿಟ್ಟ ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ಇದೆಯೇ, ಅದಕ್ಕೆ ಸಿಗ್ನಲ್ ಕಳುಹಿಸುವ ಹಕ್ಕು ನಮಗಿದೆಯೇ ಎಂದು ನೋಡಲು ಅದು ಉಪಯೋಗ.

ಗುರಿ ಹುಡುಕುವುದು

ಓಡುತ್ತಿರುವ ಪ್ರತಿ ಪ್ರೋಗ್ರಾಂ ಕರ್ನಲ್‌ನ ಲೆಕ್ಕದಲ್ಲಿ ಒಂದು ಪ್ರೊಸೆಸ್. ಅದಕ್ಕೊಂದು ಪ್ರೊಸೆಸ್ ಸಂಖ್ಯೆ, ಬಳಕೆಯ ಮಾತಿನಲ್ಲಿ ಪಿಐಡಿ, ಇರುತ್ತದೆ. ಪಿಎಸ್ ಆದೇಶ ಆ ಕ್ಷಣದ ಪಟ್ಟಿ ಕೊಡುತ್ತದೆ, ಟಾಪ್ ಮತ್ತು ಎಚ್‌ಟಾಪ್ ಪಟ್ಟಿಯನ್ನು ನಿರಂತರವಾಗಿ ತೋರಿಸುತ್ತವೆ. ಪಿಎಸ್ ಕೊಟ್ಟ ಪಟ್ಟಿಯನ್ನು ಗ್ರೆಪ್‌ನಿಂದ ಸೋಸುವುದು ಹಳೆಯ ರೂಢಿ; ಆ ಗ್ರೆಪ್ ಕೂಡ ಒಂದು ಪ್ರೊಸೆಸ್ ಆದ್ದರಿಂದ ಫಲಿತಾಂಶದಲ್ಲಿ ಅದೂ ಕಾಣಿಸಿಕೊಳ್ಳುತ್ತದೆ. ಸೊಲಾರಿಸ್ 7ರೊಂದಿಗೆ 1998ರಲ್ಲಿ ಬಂದ ಪಿಗ್ರೆಪ್, ಪಿಕಿಲ್ ಜೋಡಿ ಈ ರಗಳೆಯನ್ನು ತಪ್ಪಿಸಿತು, ಬೇರೆ ಯೂನಿಕ್ಸ್‌ಗಳೂ ಅದನ್ನು ತೆಗೆದುಕೊಂಡವು. ಪ್ರೋಗ್ರಾಂನ ಹೆಸರು ತಿಳಿಯದೆ, ‘8080ನೆಯ ಪೋರ್ಟ್ ಆಗಲೇ ಬಳಕೆಯಲ್ಲಿದೆ’ ಎಂಬ ದೂರು ಮಾತ್ರ ಕೈಯಲ್ಲಿದ್ದಾಗ ಆ ಪೋರ್ಟ್ ಹಿಡಿದಿರುವ ಪಿಐಡಿಯನ್ನು ಎಲ್‌ಎಸ್‌ಓಎಫ್ ಹೇಳುತ್ತದೆ.

ಹೆಸರಿನಿಂದ ಹುಡುಕುವುದರಲ್ಲಿ ಕನ್ನಡಿಗರಿಗೇ ಎದುರಾಗಬಹುದಾದ ಒಂದು ತೊಡಕಿದೆ. ಲಿನಕ್ಸ್ ಕರ್ನಲ್ ಪ್ರೊಸೆಸ್‌ನ ಹೆಸರಿಗೆ ಇಟ್ಟಿರುವ ಜಾಗ 16 ಬೈಟ್. ಕೊನೆಯದು ಮುಕ್ತಾಯ ಸೂಚಿಸುವ ಶೂನ್ಯ, ಹೆಸರಿಗೆ ಉಳಿಯುವುದು 15. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು, ಮತ್ತು ವ್ಯಂಜನ, ಸ್ವರಚಿಹ್ನೆ, ಹಲಂತ ಪ್ರತಿಯೊಂದೂ ಬೇರೆ ಸಂಕೇತ. ಹೀಗಾಗಿ ಕಡತಕ್ಕೆ ‘ಲೆಕ್ಕಪತ್ರ’ ಎಂದು ಹೆಸರಿಟ್ಟು ಓಡಿಸಿದರೆ ಒಂಬತ್ತು ಸಂಕೇತಗಳ 27 ಬೈಟ್‌ಗಳಲ್ಲಿ ಮೊದಲ 15 ಮಾತ್ರ ಉಳಿದು, ಕರ್ನಲ್‌ನ ಪಟ್ಟಿಯಲ್ಲಿ ಅದು ‘ಲೆಕ್ಕ’ ಆಗಿರುತ್ತದೆ. ಪೂರ್ತಿ ಹೆಸರು ಕೊಟ್ಟು ಪಿಕಿಲ್ ಮಾಡಿದರೆ ಅಂಥದ್ದೊಂದು ಇಲ್ಲವೇ ಇಲ್ಲ ಎಂಬಂತೆ ಅದು ಬರಿಗೈಯಲ್ಲಿ ಮರಳುತ್ತದೆ. ಎಫ್ ಆಯ್ಕೆ ಸೇರಿಸಿದರೆ ಹೆಸರಿಗೆ ಬದಲು ಇಡೀ ಆದೇಶದ ಸಾಲನ್ನು ತಡಕುವುದರಿಂದ ಸಿಕ್ಕಿಬೀಳುತ್ತದೆ. ಆದರೆ ಎಫ್ ಆಯ್ಕೆಗೆ ಬಲೆ ದೊಡ್ಡದು: ಅದೇ ಹೆಸರಿನ ಕಡತವನ್ನು ತೆರೆದುಕೊಂಡಿರುವ ಎಡಿಟರ್ ಕೂಡ ಅದರಲ್ಲಿ ಸಿಕ್ಕಿಕೊಳ್ಳಬಹುದು. ಕೊಲ್ಲುವ ಮುಂಚೆ ಅದೇ ಮಾದರಿಯನ್ನು ಪಿಗ್ರೆಪ್‌ಗೆ ಕೊಟ್ಟು ಯಾರ‍್ಯಾರು ಸಿಗುತ್ತಾರೆ ಎಂದು ಕಣ್ಣಾರೆ ನೋಡುವುದು ಅನುಭವಸ್ಥರ ಅಭ್ಯಾಸ.

15 ಮತ್ತು 9

ಟರ್ಮ್ ಸಿಗ್ನಲ್, ಅಂದರೆ 15, ಸಿಕ್ಕಿದ ಪ್ರೋಗ್ರಾಂ ತೆರೆದ ಕಡತಗಳನ್ನು ಉಳಿಸಿ, ತಾತ್ಕಾಲಿಕ ಕಡತಗಳನ್ನು ಅಳಿಸಿ, ಬೀಗದ ಕಡತ ತೆಗೆದು, ಗ್ರಾಹಕರ ಸಂಪರ್ಕ ಮುಗಿಸಿ ಹೊರಡಬಹುದು. ಸಿಗ್ನಲ್ಲನ್ನು ಕಡೆಗಣಿಸಿ ಸುಮ್ಮನೂ ಇರಬಹುದು. ಕಡೆಗಣಿಸುವುದು ತಪ್ಪೇ ಆಗಬೇಕಿಲ್ಲ. ಟರ್ಮಿನಲ್‌ನಲ್ಲಿ ಬ್ಯಾಶ್ ಎಂಬ ಶೆಲ್ ತೆರೆದು ‘ಕಿಲ್ $$’ ಎಂದು, ಅಂದರೆ ಅದರದೇ ಪಿಐಡಿಗೆ 15 ಹೋಗುವಂತೆ, ಟೈಪಿಸಿದರೆ ಏನೂ ಆಗುವುದಿಲ್ಲ, ಅದೇ ಪ್ರಾಂಪ್ಟ್ ಮತ್ತೆ ಬಂದು ಕೂರುತ್ತದೆ. ಬಳಕೆದಾರನೊಂದಿಗೆ ಸಂವಾದದಲ್ಲಿರುವ ಬ್ಯಾಶ್ ಬೇಕೆಂದೇ 15ಕ್ಕೆ ಕಿವಿಗೊಡುವುದಿಲ್ಲ. ಹ್ಯಾಂಗಪ್ ಕಳುಹಿಸಿದರೆ ತಕ್ಷಣ ಹೊರಡುತ್ತದೆ. ಹೀಗೆ 15ಕ್ಕೂ 9ಕ್ಕೂ ನಡುವೆ ಬೇರೆ ದಾರಿಗಳಿವೆ.

ಈ ದಾರಿಗಳು ಎಷ್ಟು ಬೆಲೆಬಾಳುತ್ತವೆ ಎಂಬುದು ಡೇಟಾಬೇಸ್‌ಗಳಲ್ಲಿ ಚೆನ್ನಾಗಿ ಕಾಣುತ್ತದೆ. ಪೋಸ್ಟ್‌ಗ್ರೆಸ್‌ನ ಮುಖ್ಯ ಪ್ರೊಸೆಸ್‌ಗೆ 15 ಕಳುಹಿಸಿದರೆ ಅದು ಹೊಸ ಸಂಪರ್ಕ ನಿಲ್ಲಿಸಿ, ಇರುವವರೆಲ್ಲ ತಾವಾಗಿ ಹೋಗುವ ತನಕ ಕಾಯುತ್ತದೆ. ಒಂದು ವೆಬ್ ತಂತ್ರಾಂಶ ಸಂಪರ್ಕ ಹಿಡಿದುಕೊಂಡೇ ಕೂತರೆ ಈ ಕಾಯುವಿಕೆ ಮುಗಿಯುವುದೇ ಇಲ್ಲ. ನೋಡುವವರಿಗೆ ಅದು ಮೊಂಡು ಹಿಡಿದಂತೆ ಕಾಣುತ್ತದೆ. ಇಲ್ಲಿ ಬೇಕಾದದ್ದು 2: ಎಲ್ಲರ ವ್ಯವಹಾರಗಳನ್ನು ರದ್ದುಮಾಡಿ, ಸಂಪರ್ಕ ಕಡಿದು, ಶುಚಿಯಾಗಿ ಮುಚ್ಚಿಕೊಳ್ಳುತ್ತದೆ. 3 ಕಳುಹಿಸಿದರೆ ಒಡನೆ ನಿಲ್ಲುತ್ತದೆ, ಮುಂದಿನ ಸಲ ಏಳುವಾಗ ದಿನಚರಿ ಓದಿ ಸರಿಪಡಿಸಿಕೊಳ್ಳುತ್ತದೆ. 9 ಕಳುಹಿಸಿದರೆ ಹಂಚಿಕೊಂಡ ಸ್ಮೃತಿಯನ್ನು ಬಿಟ್ಟುಕೊಡುವ ಅವಕಾಶವೂ ಅದಕ್ಕೆ ಸಿಗದು. ಒಬ್ಬ ಗ್ರಾಹಕನ ನಿಧಾನದ ಪ್ರಶ್ನೆಯನ್ನು ನಿಲ್ಲಿಸಲೆಂದು ಅದನ್ನು ನಡೆಸುವ ಪ್ರೊಸೆಸ್ ಒಂದಕ್ಕೇ 9 ಹೊಡೆದರೆ ಇನ್ನೂ ಅನಾಹುತ: ಹಂಚಿಕೊಂಡ ಸ್ಮೃತಿ ಕೆಟ್ಟಿರಬಹುದೆಂದು ಶಂಕಿಸಿ ಮುಖ್ಯ ಪ್ರೊಸೆಸ್ ಉಳಿದೆಲ್ಲ ಗ್ರಾಹಕರ ಸಂಪರ್ಕವನ್ನೂ ಕಡಿದು ಮರಳಿ ಆರಂಭವಾಗುತ್ತದೆ. ಅದೇ ಪ್ರೊಸೆಸ್‌ಗೆ 15 ಹೋಗಿದ್ದರೆ ಆ ಒಬ್ಬನ ಸಂಪರ್ಕ ಮಾತ್ರ ಮುಗಿಯುತ್ತಿತ್ತು.

ಕೊಲ್ಲುವ ಮೊದಲು ಸಾಕ್ಷ್ಯ ತೆಗೆದಿಡುವುದು ಇನ್ನೊಂದು ಒಳ್ಳೆಯ ಪದ್ಧತಿ, ಆತುರದಲ್ಲಿ ಮರೆತುಹೋಗುವಂಥದ್ದು. ಹ್ಯಾಂಗ್ ಆದ ಜಾವಾ ಪ್ರೋಗ್ರಾಂಗೆ 3 ಕಳುಹಿಸಿದರೆ ಅದು ಸಾಯುವುದಿಲ್ಲ. ತನ್ನ ಎಲ್ಲ ಥ್ರೆಡ್‌ಗಳು ಯಾವ ಸಾಲಿನಲ್ಲಿ ನಿಂತಿವೆ ಎಂದು ಮುದ್ರಿಸಿ ತೋರಿಸುತ್ತದೆ. ಯಾರು ಯಾರ ಬೀಗಕ್ಕೆ ಕಾಯುತ್ತಿದ್ದಾರೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಬೇರೆ ಭಾಷೆಯಲ್ಲಿ ಬರೆದವುಗಳಿಗೆ 6 ಕಳುಹಿಸಿ ಕೋರ್ ಡಂಪ್ ಪಡೆಯಬಹುದು. 9ರಿಂದ ಸತ್ತದ್ದು ಏನನ್ನೂ ಹೇಳಿ ಹೋಗುವುದಿಲ್ಲ.

9ಕ್ಕೂ ಜಗ್ಗದವು

9ನ್ನು ಯಾವ ಪ್ರೋಗ್ರಾಂ ಕೂಡ ಹಿಡಿಯಲಾಗದು, ತಡೆಯಲಾಗದು. ಕಂಟ್ರೋಲ್-ಝಡ್ ಒತ್ತಿ ಮರೆತುಹೋದ ಪ್ರೊಸೆಸ್‌ಗೆ 15 ಹೋದರೆ, ಅದು ಮತ್ತೆ ಓಡುವ ತನಕ ಸಿಗ್ನಲ್ ಬಾಕಿ ಉಳಿಯುತ್ತದೆ. 9 ಅದಕ್ಕೂ ಕಾಯುವುದಿಲ್ಲ. ಆದರೂ 9 ಹೊಡೆದ ಮೇಲೆ ಪಟ್ಟಿಯಲ್ಲಿ ಉಳಿಯುವವು ಇವೆ. ಆಗ ಪಿಎಸ್ ಪಟ್ಟಿಯ ಸ್ಥಿತಿಯ ಅಂಕಣ ನೋಡಬೇಕು.

ಅಲ್ಲಿ ‘ಡಿ’ ಇದ್ದರೆ ಪ್ರೊಸೆಸ್ ಕರ್ನಲ್‌ನ ಒಳಗೇ, ಸಾಧಾರಣವಾಗಿ ಡಿಸ್ಕ್‌ಗೋ ನೆಟ್‌ವರ್ಕಿನ ಕಡತ ವ್ಯವಸ್ಥೆಗೋ ಕಾಯುತ್ತ ಮಲಗಿದೆ. ಸಿಗ್ನಲ್ ಜಾರಿಯಾಗುವುದು ಪ್ರೊಸೆಸ್ ಕರ್ನಲ್‌ನಿಂದ ತನ್ನ ಕೋಡ್‌ಗೆ ಮರಳುವ ಹೊಸ್ತಿಲಲ್ಲಿ. ಮರಳದಿದ್ದರೆ ಜಾರಿಯೂ ಇಲ್ಲ. ಅಂಥ ನೆಟ್‌ವರ್ಕ್ ಕಡತ ವ್ಯವಸ್ಥೆಯಾದ ಎನ್‌ಎಫ್‌ಎಸ್‌ನ ಸರ್ವರ್ ಮಾಯವಾದಾಗ ಅದರ ಕಡತ ಮುಟ್ಟಿದ ಪ್ರೋಗ್ರಾಂಗಳೆಲ್ಲ ಹೀಗೆ ಸಾಲಾಗಿ ಸಿಕ್ಕಿಕೊಳ್ಳುತ್ತಿದ್ದವು, ಯಂತ್ರವನ್ನೇ ಮರುಚಾಲನೆ ಮಾಡಬೇಕಾಗುತ್ತಿತ್ತು. 2008ರ ಲಿನಕ್ಸ್ 2.6.25ರಲ್ಲಿ ಮ್ಯಾಥ್ಯೂ ವಿಲ್ಕಾಕ್ಸ್ ತಂದ ಬದಲಾವಣೆ ನಡುವಿನ ಒಂದು ಸ್ಥಿತಿಯನ್ನು ಒದಗಿಸಿತು: ಬೇರೆ ಸಿಗ್ನಲ್‌ಗೆ ಏಳದಿದ್ದರೂ ಪ್ರಾಣ ತೆಗೆಯುವ ಸಿಗ್ನಲ್‌ಗೆ ಏಳುವ ನಿದ್ದೆ. ಎನ್‌ಎಫ್‌ಎಸ್‌ನ ಕಾಟ ಅಲ್ಲಿಂದ ಬಹಳ ತಗ್ಗಿತು. ಕೆಟ್ಟ ಡಿಸ್ಕ್, ಕೆಟ್ಟ ಡ್ರೈವರ್‌ಗಳ ಮುಂದೆ ಇಂದಿಗೂ ಉಪಾಯವಿಲ್ಲ. ಆ ಸಾಧನವನ್ನೇ ಸರಿಪಡಿಸಬೇಕು.

‘ಝಡ್’ ಇದ್ದರೆ ಅದು ಜಾಂಬಿ. ಪ್ರೊಸೆಸ್ ಸತ್ತು ಅದರ ಸ್ಮೃತಿ, ಕಡತಗಳೆಲ್ಲ ಬಿಡುಗಡೆಯಾಗಿವೆ. ಹೇಗೆ ಸತ್ತಿತು ಎಂಬ ವರದಿಯನ್ನು ಪೋಷಕ ಪ್ರೊಸೆಸ್ ಓದಿಕೊಳ್ಳಲೆಂದು ಪಟ್ಟಿಯ ಒಂದು ಸಾಲು ಮಾತ್ರ ಉಳಿದಿದೆ, ತೀರಿಕೊಂಡವರ ಹೆಸರು ಪಡಿತರ ಚೀಟಿಯಲ್ಲಿ ಉಳಿಯುವ ಹಾಗೆ. ಸತ್ತದ್ದನ್ನು ಮತ್ತೆ ಕೊಲ್ಲಲಾಗದು. ವರದಿ ಓದದ ಪೋಷಕನನ್ನು ನಿಲ್ಲಿಸಿದರೆ ಅನಾಥವಾದ ಜಾಂಬಿಯನ್ನು ಎಲ್ಲಕ್ಕಿಂತ ಮೊದಲು ಓಡುವ ಪ್ರೊಸೆಸ್ ಆದ ಪಿಐಡಿ 1 ದತ್ತು ತೆಗೆದುಕೊಂಡು ಸಾಲನ್ನು ಅಳಿಸುತ್ತದೆ. ಒಂದೆರಡು ಜಾಂಬಿಗಳಿಂದ ಹಾನಿಯಿಲ್ಲ. ಸಾವಿರಗಟ್ಟಲೆ ಸೇರಿದರೆ ಹೊಸ ಪ್ರೊಸೆಸ್‌ಗೆ ಸಂಖ್ಯೆಯೇ ಸಿಗದಂತಾಗಬಹುದು.

ಪಿಐಡಿ 1ರದ್ದು ಬೇರೆಯೇ ಕಥೆ. ಅದು ಕೇಳಿಕೊಳ್ಳದ ಯಾವ ಸಿಗ್ನಲ್ಲನ್ನೂ ಕರ್ನಲ್ ಅದಕ್ಕೆ ಮುಟ್ಟಿಸುವುದಿಲ್ಲ, 9ನ್ನು ಕೂಡ. ಇದರ ಬಿಸಿ, ಪ್ರೋಗ್ರಾಂಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಡಾಕರ್ ಬಳಸುವವರಿಗೆ ತಟ್ಟುತ್ತದೆ: ಕಂಟೇನರ್ ಒಳಗೆ ಮೊದಲು ಓಡುವ ಪ್ರೋಗ್ರಾಂ ಆ ಪುಟ್ಟ ಲೋಕದ ಪಿಐಡಿ 1 ಆಗಿಬಿಡುವುದರಿಂದ, 15ನ್ನು ನಿಭಾಯಿಸುವ ಕೋಡ್ ಅದರಲ್ಲಿ ಇಲ್ಲದಿದ್ದರೆ ನಿಲ್ಲು ಎಂದರೂ ನಿಲ್ಲುವುದಿಲ್ಲ. ಹೊರಗಿನಿಂದ ಬಂದ 9 ಮಾತ್ರ ಕೆಲಸ ಮಾಡುತ್ತದೆ.

ಕೊಂದರೂ ಹೊಸ ಪಿಐಡಿಯೊಂದಿಗೆ ಮತ್ತೆ ಕಾಣಿಸಿಕೊಳ್ಳುವವುಗಳ ಹಿಂದೆ ಮೇಲ್ವಿಚಾರಕ ಇರುತ್ತಾನೆ. ಲಿನಕ್ಸ್‌ನಲ್ಲಿ ಸಿಸ್ಟಮ್‌ಡಿ, ಮ್ಯಾಕ್‌ನಲ್ಲಿ ಲಾಂಚ್‌ಡಿ. ಮ್ಯಾಕ್‌ನಲ್ಲಿ ‘ಕಿಲ್‌ಆಲ್ ಡಾಕ್’ ಎಂದರೆ ಪರದೆಯ ಅಂಚಿನ ಪಟ್ಟಿ ಮಾಯವಾಗಿ ಕ್ಷಣದಲ್ಲಿ ಮರಳುವುದು ಇದರಿಂದಲೇ, ಮತ್ತು ಬಳಕೆದಾರರು ಅದನ್ನು ರಿಪೇರಿಯ ಉಪಾಯವಾಗಿಯೇ ಬಳಸುತ್ತಾರೆ. ಸಿಸ್ಟಮ್‌ಡಿ ನೋಡಿಕೊಳ್ಳುವ ಸೇವೆಯನ್ನು ಸಿಸ್ಟಮ್‌ಸಿಟಿಎಲ್‌ನ ಸ್ಟಾಪ್ ಆದೇಶದಿಂದಲೇ ನಿಲ್ಲಿಸಬೇಕು.

ಎಚ್ಚರ ತಪ್ಪುವ ಜಾಗಗಳು

ಬೇರೆಯವರ ಪ್ರೊಸೆಸ್‌ಗೆ ಸಿಗ್ನಲ್ ಕಳುಹಿಸಲು ರೂಟ್ ಅಧಿಕಾರ ಬೇಕು. ಅನುಮತಿ ಇಲ್ಲ ಎಂದಾಕ್ಷಣ ಸುಡೋ ಸೇರಿಸಿ ಅದೇ ಸಾಲನ್ನು ಮತ್ತೆ ಓಡಿಸುವವರು ಹೆಚ್ಚು. ಸಂಖ್ಯೆ ತಪ್ಪಿದ್ದರೆ ಕರ್ನಲ್ ಕೊಟ್ಟ ಕೊನೆಯ ಎಚ್ಚರಿಕೆ ಅದೇ ಆಗಿರುತ್ತದೆ. ಪಿಐಡಿಯ ಹಿಂದೆ ಒಂದು ಅಡ್ಡಗೆರೆ ಬಿದ್ದರೆ ಅದು ಇಡೀ ಪ್ರೊಸೆಸ್ ಗುಂಪಿಗೆ ಅನ್ವಯ. ‘ಕಿಲ್ -9 -1’ ಎಂದರೆ ನಮ್ಮ ಹಕ್ಕಿಗೆ ಒಳಪಟ್ಟ ಎಲ್ಲ ಪ್ರೊಸೆಸ್‌ಗಳೂ ಹೋದವು; ರೂಟ್ ಆಗಿ ಟೈಪಿಸಿದರೆ ಯಂತ್ರವೇ ಹೆಚ್ಚುಕಡಿಮೆ ಖಾಲಿ. ಕಿಲ್‌ಆಲ್ ಲಿನಕ್ಸ್‌ನಲ್ಲಿ ಹೆಸರು ಹೇಳಿದ್ದನ್ನು ಮಾತ್ರ ನಿಲ್ಲಿಸುತ್ತದೆ. ಸೊಲಾರಿಸ್‌ನಲ್ಲಿ ಅದೇ ಹೆಸರಿನ ಆದೇಶ ಯಂತ್ರ ಮುಚ್ಚುವ ಹೊತ್ತಿನಲ್ಲಿ ಸರ್ವವನ್ನೂ ನಿಲ್ಲಿಸಲು ಇರುವಂಥದ್ದು.

ಪಿಐಡಿಗಳು ಮರುಬಳಕೆಯಾಗುತ್ತವೆ ಎಂಬುದು ಸೂಕ್ಷ್ಮವಾದ ಅಪಾಯ. ಲಿನಕ್ಸ್‌ನ ಹಳೆಯ ಮಿತಿ 32768. 64-ಬಿಟ್ ಯಂತ್ರಗಳಲ್ಲಿ 4194304ರವರೆಗೆ ಏರಿಸಬಹುದು. ಸಂಖ್ಯೆಗಳು ಮುಗಿದಾಗ ಕರ್ನಲ್ ಮತ್ತೆ ಕೆಳಗಿನಿಂದ ಹಂಚುತ್ತದೆ. ಕಡತದಲ್ಲಿ ಬರೆದಿಟ್ಟ ಹಳೆಯ ಪಿಐಡಿಗೆ ಸ್ಕ್ರಿಪ್ಟ್ 9 ಕಳುಹಿಸುವ ಹೊತ್ತಿಗೆ ಆ ಸಂಖ್ಯೆಯಲ್ಲಿ ಇನ್ಯಾವುದೋ ಪ್ರೋಗ್ರಾಂ ಇರಬಹುದು. ಇದಕ್ಕೆ ಪರಿಹಾರವಾಗಿ 2019ರ ಲಿನಕ್ಸ್ 5.1, ಸಂಖ್ಯೆಗೆ ಬದಲು ಆ ಪ್ರೊಸೆಸ್‌ಗೇ ಅಂಟಿಕೊಂಡ ಹಿಡಿಕೆಯ ಮೂಲಕ ಸಿಗ್ನಲ್ ಕಳುಹಿಸುವ ಕ್ರಮ ತಂದಿತು. ಪಿಐಡಿಎಫ್‌ಡಿ ಎಂದು ಅದರ ಹೆಸರು.

ವಿಂಡೋಸ್ ಮತ್ತು ಇತರೆ

ಡಾಸ್‌ನಲ್ಲಿ ಒಮ್ಮೆಗೆ ಓಡುತ್ತಿದ್ದದ್ದು ಒಂದೇ ಪ್ರೋಗ್ರಾಂ. ಕಂಟ್ರೋಲ್-ಬ್ರೇಕ್‌ಗೆ ಜಗ್ಗದಿದ್ದರೆ ಯಂತ್ರವನ್ನೇ ಮರುಚಾಲನೆ ಮಾಡಬೇಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯ ಪ್ರೊಫೆಷನಲ್ ಆವೃತ್ತಿಯಲ್ಲಿ ಟಾಸ್ಕ್‌ಲಿಸ್ಟ್, ಟಾಸ್ಕ್‌ಕಿಲ್ ಬಂದವು. ವಿಂಡೋಸ್‌ಗೆ ಯೂನಿಕ್ಸ್ ತರಹದ ಸಿಗ್ನಲ್‌ಗಳಿಲ್ಲ. ಟಾಸ್ಕ್‌ಕಿಲ್‌ಗೆ ಬರಿದೆ ಹೆಸರು ಕೊಟ್ಟರೆ ಅದು ಪ್ರೋಗ್ರಾಂನ ಕಿಟಕಿಗೆ ಮುಚ್ಚಿಕೊಳ್ಳುವ ಸಂದೇಶ ಹಾಕುತ್ತದೆ, ಮೂಲೆಯ ಗುಣಾಕಾರದ ಗುರುತನ್ನು ಒತ್ತಿದಾಗ ಹೋಗುವಂಥದ್ದೇ. ಉಳಿಸದ ಕಡತವಿದ್ದರೆ ನೋಟ್‌ಪ್ಯಾಡ್ ‘ಉಳಿಸಲೇ’ ಎಂದು ಕೇಳಿ ನಿಂತುಬಿಡುವುದೂ ಉಂಟು. ಕಿಟಕಿಯೇ ಇಲ್ಲದ ಪ್ರೋಗ್ರಾಂ ಆದರೆ, ಇದನ್ನು ಬಲವಂತದಿಂದ ಮಾತ್ರ ನಿಲ್ಲಿಸಬಹುದು ಎಂಬ ಉತ್ತರ ಬರುತ್ತದೆ. ಆಗ ಎಫ್ ಆಯ್ಕೆ ಬೇಕು. ಯೂನಿಕ್ಸ್‌ನ 9ಕ್ಕೆ ಅದು ಸಮ. ಟಿ ಆಯ್ಕೆ ಮರಿ ಪ್ರೊಸೆಸ್‌ಗಳನ್ನೂ ಸೇರಿಸಿ ಮುಗಿಸುತ್ತದೆ. ಸ್ಪಂದಿಸದವುಗಳನ್ನು ಮಾತ್ರ ಆರಿಸಿ ನಿಲ್ಲಿಸುವ ಸೋಸುವಿಕೆ ಟಾಸ್ಕ್‌ಕಿಲ್‌ನಲ್ಲಿ ಒಳಗೇ ಇದೆ, ಯೂನಿಕ್ಸ್‌ನಲ್ಲಿ ಅಷ್ಟು ನೇರವಾದ ದಾರಿಯಿಲ್ಲ. ಡ್ರೈವರ್ ಒಳಗೆ ಸಿಕ್ಕಿಕೊಂಡ ಪ್ರೊಸೆಸ್ ವಿಂಡೋಸ್‌ನಲ್ಲೂ ಸಾಯುವುದಿಲ್ಲ. ಸಿಎಸ್‌ಆರ್‌ಎಸ್‌ಎಸ್‌ನಂಥ ಮೂಲಭೂತ ಪ್ರೊಸೆಸ್ಸನ್ನು ಮುಗಿಸಿದರೆ ನೀಲಿ ಪರದೆ ಬಂದು ಯಂತ್ರವೇ ನಿಲ್ಲುತ್ತದೆ.

ಆಂಡ್ರಾಯ್ಡ್ ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ ಎಡಿಬಿ ಮೂಲಕ ಫೋರ್ಸ್-ಸ್ಟಾಪ್ ಆದೇಶ ಕೊಡಬಹುದು. ಲಿನಕ್ಸ್‌ನ ಹಳೆಯ ಎಕ್ಸ್ ಕಿಟಕಿ ವ್ಯವಸ್ಥೆಯ ಎಕ್ಸ್‌ಕಿಲ್, ಮೌಸ್‌ನ ಬಾಣವನ್ನು ತಲೆಬುರುಡೆಯಂತೆ ಬದಲಿಸಿ ಯಾವ ಕಿಟಕಿ ಎಂದು ಕೇಳುತ್ತದೆ. ಅದು ಕಡಿಯುವುದು ಕಿಟಕಿಯ ಸಂಪರ್ಕವನ್ನಷ್ಟೇ, ಪ್ರೊಸೆಸ್ ಒಳಗೆ ಉಳಿದಿರಲೂಬಹುದು.

ಯಂತ್ರವೇ ಕೊಡುವ ಆದೇಶ

ದೊಡ್ಡ ವ್ಯವಸ್ಥೆಗಳಲ್ಲಿ ಇಂದು ಈ ಆದೇಶಗಳನ್ನು ಬೆರಳಿನಿಂದ ಟೈಪಿಸುವುದು ಅಪರೂಪ. ಮೊದಲು 15, ಗಡುವು ಮೀರಿದರೆ 9 ಎಂಬ ಶಿಷ್ಟಾಚಾರ ತಂತ್ರಾಂಶದೊಳಗೇ ಸೇರಿಹೋಗಿದೆ. ಬೇರೆ ಹೇಳದಿದ್ದರೆ ಡಾಕರ್ 10 ಸೆಕೆಂಡ್, ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟೀಸ್ 30 ಸೆಕೆಂಡ್, ಸಿಸ್ಟಮ್‌ಡಿ 90 ಸೆಕೆಂಡ್ ಕಾಯುತ್ತವೆ. ಲಿನಕ್ಸ್ ಕಂಪ್ಯೂಟರ್ ಮುಚ್ಚುವಾಗ ಒಂದೂವರೆ ನಿಮಿಷದ ಗಡಿಯಾರ ತೋರಿಸುತ್ತ ನಿಲ್ಲುವುದು ಈ ಕೊನೆಯ ಗಡುವಿನಿಂದ. ಸ್ಕ್ರಿಪ್ಟ್‌ಗಳಲ್ಲಿ ಇದೇ ಕೆಲಸಕ್ಕೆ ಟೈಮ್‌ಔಟ್ ಎಂಬ ಆದೇಶವಿದೆ.

ಯಾರೂ ಹೇಳದೆ ಕರ್ನಲ್ ತಾನೇ ಕೊಲ್ಲುವ ಸಂದರ್ಭವೂ ಇದೆ. ಸ್ಮೃತಿ ಪೂರ್ತಿ ಮುಗಿದಾಗ ಲಿನಕ್ಸ್‌ನ ಓಓಎಂ ಕಿಲ್ಲರ್ ಪ್ರತಿ ಪ್ರೊಸೆಸ್‌ಗೂ ಅಂಕ ಕೊಟ್ಟು, ಹೆಚ್ಚು ಸ್ಮೃತಿ ನುಂಗಿದ್ದಕ್ಕೆ 9 ಕಳುಹಿಸುತ್ತದೆ. -1000ದಿಂದ 1000ದವರೆಗಿನ ಹೊಂದಾಣಿಕೆಯ ಸಂಖ್ಯೆಯಿಂದ ಮುಖ್ಯವಾದ ಸೇವೆಯನ್ನು ಈ ಆಯ್ಕೆಯಿಂದ ಹೊರಗಿಡಬಹುದು. ಸಿಗ್ನಲ್‌ನಿಂದ ಸತ್ತ ಪ್ರೊಸೆಸ್‌ನ ನಿರ್ಗಮನ ಸಂಖ್ಯೆಯನ್ನು ಶೆಲ್ 128ಕ್ಕೆ ಸಿಗ್ನಲ್ ಸಂಖ್ಯೆ ಕೂಡಿಸಿ ಹೇಳುತ್ತದೆ: ಕಂಟ್ರೋಲ್-ಸಿಗೆ 130, 15ಕ್ಕೆ 143, 9ಕ್ಕೆ 137. ಕಂಟೇನರ್ ಒಂದು 137 ಎಂದು ಬರೆದು ಬಿದ್ದಿದ್ದರೆ ಅದಕ್ಕೆ 9 ಬಿದ್ದಿದೆ ಎಂದಷ್ಟೇ ಅರ್ಥ. ಗಡುವು ಮೀರಿ ಮೇಲ್ವಿಚಾರಕ ಕೊಂದನೋ, ಸ್ಮೃತಿ ಮಿತಿ ದಾಟಿ ಕರ್ನಲ್ ಕೊಂದಿತೋ ಎಂಬುದು ಆ ಸಂಖ್ಯೆಯಿಂದ ತಿಳಿಯದು. ಕರ್ನಲ್ ಆಗಿದ್ದರೆ ಡಿಮೆಸ್‌ಜಿ ಆದೇಶ ತೋರಿಸುವ ದಿನಚರಿಯಲ್ಲಿ ಸತ್ತದ್ದರ ಪಿಐಡಿ, ಹೆಸರು, ಅದು ಹಿಡಿದಿದ್ದ ಸ್ಮೃತಿಯ ಲೆಕ್ಕ ಸಿಗುತ್ತವೆ.